ಹಾರ್ನ್ ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದೆ, ದೊಡ್ಡದು ಹಾಕಬಹುದಾ?

ಪ್ರಶ್ನೆ: ನಮ್ಮ ಕಾರಿನ ಹಾರ್ನ್ ಇತ್ತೀಚೆಗೆ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಬಾನೆಟ್ ಎತ್ತಿ ಕಪ್ಪು ಡಬ್ಬಿ ತೆಗೆದು ನೋಡಿದರೆ ಹಾರ್ನ್‌ನ 15 ಆಂಪಿಯರ್ ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದೆ, ಸರಿಹೋಯಿತು. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಕಥೆ. "15 ಸಾಲಲ್ಲ, 20 ಹಾಕು" ಅಂತ ಒಬ್ಬ ಗೆಳೆಯರು ಹೇಳುತ್ತಾರೆ. "ಫ್ಯೂಸ್ ತಪ್ಪಲ್ಲ, ರಿಲೇ ಹೋಗಿದೆ" ಅಂತ ಇನ್ನೊಬ್ಬರು. ಆ ಡಬ್ಬಿಯಲ್ಲಿರುವ ಬಣ್ಣದ ತುಂಡುಗಳು, ಕಪ್ಪು ಚೌಕಗಳು ನಿಜವಾಗಿ ಏನು ಮಾಡುತ್ತವೆ? ನಾನೇ ಕೈ ಹಾಕಿ ನೋಡಬಹುದಾ?

ಉತ್ತರ: ಮೊದಲನೆಯದಾಗಿ, ದಯವಿಟ್ಟು 20 ಹಾಕಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ.

ಫ್ಯೂಸ್ ಇರುವುದು ಹಾರ್ನ್ ಕಾಪಾಡುವುದಕ್ಕೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅಲ್ಲ. ಅದು ಕಾಪಾಡುವುದು ವೈರನ್ನು. ಹಾರ್ನ್ ಕೆಟ್ಟರೆ ಹೊಸ ಹಾರ್ನ್ ಹಾಕಿಸಬಹುದು. ಆದರೆ ವೈರು ಕೆಂಪಗೆ ಕಾದರೆ ಅದರ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಪಕ್ಕದ ವೈರುಗಳ ಪ್ಲಾಸ್ಟಿಕ್ಕೂ ಕರಗುತ್ತದೆ, ಆಮೇಲೆ ಎಲ್ಲಿ ಬೇಕಾದರೂ ಬೆಂಕಿ ಹತ್ತಬಹುದು. ಕಾರು ತಯಾರಿಸುವವರು ಮೊದಲು ಹಾರ್ನ್‌ಗೆ ಎಷ್ಟು ಕರೆಂಟ್ ಬೇಕು ಅಂತ ನೋಡುತ್ತಾರೆ. ಅದಕ್ಕೆ ತಕ್ಕ ದಪ್ಪದ ವೈರು ಆರಿಸುತ್ತಾರೆ. ಆ ವೈರು ಕಾಯುವ ಮೊದಲೇ ಕರಗುವ ಹಾಗೆ ಫ್ಯೂಸ್ ಗೊತ್ತುಮಾಡುತ್ತಾರೆ. ಅಂದರೆ ಫ್ಯೂಸ್ ಮೇಲಿರುವ 15 ಅನ್ನುವ ಅಂಕಿ ಹಾರ್ನ್‌ನ ಹಸಿವಿನ ಲೆಕ್ಕ ಅಲ್ಲ, ವೈರಿನ ತಾಳ್ಮೆಯ ಲೆಕ್ಕ.

15ರ ಜಾಗಕ್ಕೆ 20 ಹಾಕಿದರೆ ಏನು ಮಹಾ ವ್ಯತ್ಯಾಸ, ಬರೀ ಐದು ಜಾಸ್ತಿ ಅಲ್ವಾ ಅನ್ನಿಸಬಹುದು. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ಆಂಪಿಯರ್ ಹರಿದಾಗ ಹುಟ್ಟುವ ಶಾಖಕ್ಕಿಂತ 20 ಆಂಪಿಯರ್ ಹರಿದಾಗ ಹೆಚ್ಚು ಕಡಿಮೆ 1.8 ಪಟ್ಟು ಶಾಖ ಹುಟ್ಟುತ್ತದೆ. 30 ಹರಿದರೆ ನಾಲ್ಕು ಪಟ್ಟು. ವೈರು ಮಾತ್ರ ಅದೇ ಹಳೆಯ ವೈರು.

ಇನ್ನೊಂದು ವಿಷಯ ಜನರಿಗೆ ಅಷ್ಟಾಗಿ ಗೊತ್ತಿಲ್ಲ. 15 ಆಂಪಿಯರ್ ಫ್ಯೂಸ್ 16 ಆಂಪಿಯರ್ ಹರಿದ ತಕ್ಷಣ ಸುಡುವುದಿಲ್ಲ. ಕಾರಿನ ಬ್ಲೇಡ್ ಫ್ಯೂಸು (ನೀವು ಕೇಳಿದ ಆ ಬಣ್ಣದ ತುಂಡು) ತನ್ನ ಅಂಕಿಗಿಂತ ಶೇಕಡಾ 10 ಜಾಸ್ತಿ ಕರೆಂಟನ್ನು 100 ಗಂಟೆಯಾದರೂ ತಡೆದುಕೊಳ್ಳಬೇಕು ಅನ್ನುವುದು ನಿಯಮ. ಶೇಕಡಾ 35 ಜಾಸ್ತಿಯಾದರೆ, ಅಂದರೆ 15ರ ಫ್ಯೂಸಿಗೆ ಸುಮಾರು 20 ಆಂಪಿಯರ್ ಬಂದರೆ, ಅದು ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದ ಒಳಗೆ ಯಾವಾಗ ಬೇಕಾದರೂ ಸುಡಬಹುದು. ಎರಡು ಪಟ್ಟು ಬಂದರೆ ಹೆಚ್ಚೆಂದರೆ 5 ಸೆಕೆಂಡು.

ಇದನ್ನು ನಿಮ್ಮ ಕಾರಿಗೆ ಹೊಂದಿಸಿ ನೋಡಿ. ಮಾಮೂಲಿ ಹಾರ್ನ್ ಒಂದಕ್ಕೆ ಸುಮಾರು 3ರಿಂದ 5 ಆಂಪಿಯರ್ ಸಾಕು. ಎರಡು ಇದ್ದರೂ 10ರ ಆಸುಪಾಸು. ಒಂದೆರಡು ಸೆಕೆಂಡು ಒತ್ತುವ ಹಾರ್ನ್‌ಗೆ 15ರ ಫ್ಯೂಸು ಸುಟ್ಟಿದೆ ಅಂದರೆ ಅಲ್ಲಿ ಸ್ವಲ್ಪ ಅಲ್ಲ, ಬಹಳ ಜಾಸ್ತಿ ಕರೆಂಟ್ ಹರಿದಿದೆ. ಎಲ್ಲೋ ವೈರು ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ತಾಗಿ ಶಾರ್ಟ್ ಆಗುತ್ತಿದೆ, ಇಲ್ಲವೇ ಹಾರ್ನ್ ಒಳಗೇ ತೊಂದರೆ ಇದೆ. 20 ಹಾಕಿದರೆ ಆ ಜಾಗ ವಾಸಿಯಾಗುವುದಿಲ್ಲ. ವೈರು ಬಾಡಿಗೆ ಗಟ್ಟಿಯಾಗಿ ತಾಗಿದರೆ 20ರ ಫ್ಯೂಸೂ ಸುಡುತ್ತದೆ, ನಿಜ. ಅಪಾಯ ಇರುವುದು ಅರ್ಧಂಬರ್ಧ ತಾಗುವಾಗ. 25 ಆಂಪಿಯರ್ ಹರಿಯುವ ಅರೆ ಶಾರ್ಟ್ ಇದ್ದರೆ 15ರ ಫ್ಯೂಸು ಬೇಗ ಸುಟ್ಟು ನಿಲ್ಲಿಸುತ್ತದೆ. 20ರ ಫ್ಯೂಸು ಅದನ್ನು ಬಹಳ ಹೊತ್ತು ಹರಿಯಲು ಬಿಡಬಹುದು. ಅಷ್ಟು ಹೊತ್ತೂ ವೈರು ಕಾಯುತ್ತಲೇ ಇರುತ್ತದೆ. ಇದೇ ಕಾರಣಕ್ಕೆ ಸುಟ್ಟ ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತುವುದು, ಪಿನ್ನು ಸಿಕ್ಕಿಸುವುದು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಕಾರಿನ ಬ್ಯಾಟರಿ ಬರೀ 12 ವೋಲ್ಟ್, ಶಾಕ್ ಹೊಡೆಯುವುದಿಲ್ಲ. ಆದರೆ ಶಾರ್ಟ್ ಆದರೆ ನೂರಾರು ಆಂಪಿಯರ್ ಸುರಿಯುವ ಶಕ್ತಿ ಅದಕ್ಕಿದೆ.

ಹಾಗಾದರೆ ಎರಡನೇ ಫ್ಯೂಸ್ ಯಾಕೆ ಹಾಕಿದಿರಿ ಅಂತ ನಾನು ಕೇಳುವುದಿಲ್ಲ. ಒಂದು ಸಲ ಬದಲಾಯಿಸಿ ನೋಡುವುದು ಸರಿಯಾದ ಕ್ರಮವೇ. ಫ್ಯೂಸಿನ ಒಳಗಿನ ತಗಡು ಪ್ರತಿ ಸಲ ಕಾದು ಆರಿ, ಹಿಗ್ಗಿ ಕುಗ್ಗಿ, ವರ್ಷಗಳ ಮೇಲೆ ದಣಿದು ಬಿರಿಯುತ್ತದೆ. ಬೇರೆ ಯಾವ ದೋಷವೂ ಇಲ್ಲದೆ ಹಳೆ ಫ್ಯೂಸ್ ಸಾಯುವುದುಂಟು. ಹೊಸದೂ ಹೋಯಿತು ಅಂದಾಗ ಮಾತ್ರ ಫ್ಯೂಸ್ ಬದಲಾಯಿಸುವ ಕೆಲಸ ಮುಗಿಯಿತು, ಹುಡುಕುವ ಕೆಲಸ ಶುರುವಾಯಿತು ಅಂತ ತಿಳಿಯಬೇಕು. ನೀವು ಈಗ ಅಲ್ಲಿದ್ದೀರಿ.

ಸುಟ್ಟ ಎರಡೂ ಫ್ಯೂಸ್ ಇಟ್ಟುಕೊಂಡಿದ್ದರೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ತಗಡು ಸುಮ್ನೆ ನಡುವೆ ಬಿಟ್ಟುಕೊಂಡಿದ್ದು, ಪ್ಲಾಸ್ಟಿಕ್ ಚೊಕ್ಕವಾಗಿದ್ದರೆ ಕರೆಂಟ್ ಸ್ವಲ್ಪವೇ ಜಾಸ್ತಿಯಾಗಿ ನಿಧಾನಕ್ಕೆ ಹೋಗಿದೆ, ಇಲ್ಲವೇ ಹಳತಾಗಿ ಹೋಗಿದೆ. ಒಳಗೆಲ್ಲ ಕಪ್ಪು ಮಸಿ, ಲೋಹದ ಹನಿ ಚಿಮ್ಮಿದ ಗುರುತು ಇದ್ದರೆ ಒಮ್ಮೆಲೇ ಭಾರೀ ಕರೆಂಟ್ ಬಂದಿದೆ, ಅಂದರೆ ನೇರ ಶಾರ್ಟ್. ಮೂರನೆಯದೊಂದು ಗುರುತಿದೆ, ಅದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ತಗಡು ಸರಿಯಾಗಿಯೇ ಇರುತ್ತದೆ, ಆದರೆ ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಇದು ಜಾಸ್ತಿ ಕರೆಂಟಿನ ಕೆಲಸವಲ್ಲ. ಫ್ಯೂಸ್ ಕೂರುವ ಹಿಡಿ ಸಡಿಲವಾಗಿದೆ. ಸಡಿಲ ಜಾಗದಲ್ಲಿ ಶಾಖ ಹುಟ್ಟಿ ಪ್ಲಾಸ್ಟಿಕ್ ಬೆಂದಿದೆ. ಅಲ್ಲಿ ಎಷ್ಟು ಹೊಸ ಫ್ಯೂಸ್ ಹಾಕಿದರೂ ಪ್ರಯೋಜನವಿಲ್ಲ, ಕೆಳಗಿನ ಟರ್ಮಿನಲ್ ಬದಲಾಯಿಸಬೇಕು. ರೇಡಿಯೇಟರ್ ಫ್ಯಾನ್, ಬ್ಲೋವರ್ ಮೋಟರ್ ಥರ ಬಹಳ ಹೊತ್ತು ಜೋರಾಗಿ ಕರೆಂಟ್ ಎಳೆಯುವ ಕಡೆ ಇದು ಸಾಮಾನ್ಯ. ಹಾರ್ನ್‌ನಲ್ಲಿ ಅಪರೂಪ.

ಈಗ ಡಬ್ಬಿಯೊಳಗೆ ಏನೇನಿದೆ ನೋಡೋಣ. ಬಹಳಷ್ಟು ಕಾರುಗಳಲ್ಲಿ ಎರಡು ಫ್ಯೂಸ್ ಬಾಕ್ಸ್ ಇರುತ್ತವೆ. ಡ್ಯಾಶ್‌ಬೋರ್ಡ್ ಕೆಳಗಿನದರಲ್ಲಿ ಆಡಿಯೋ, ಒಳದೀಪ, ಮೀಟರ್ ಥರದ ಸಣ್ಣಪುಟ್ಟವು. ಬಾನೆಟ್ ಒಳಗಿನದು ಬ್ಯಾಟರಿಗೆ ಹತ್ತಿರ ಇರುವುದರಿಂದ ಹೆಚ್ಚು ಕರೆಂಟ್ ಎಳೆಯುವವು ಅಲ್ಲಿ: ರೇಡಿಯೇಟರ್ ಫ್ಯಾನ್, ಹೆಡ್‌ಲೈಟ್, ಎಬಿಎಸ್, ಎಸಿ, ಸ್ಟಾರ್ಟರ್, ಹಾರ್ನ್. ಮುಚ್ಚಳದ ಒಳಬದಿಯಲ್ಲಿ ನಕ್ಷೆ ಇರುತ್ತದೆ. ಇಲ್ಲದಿದ್ದರೆ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ಆ ನಕ್ಷೆಯಲ್ಲಿ ಒಂದನ್ನು ಈಗಲೇ ಗಮನಿಸಿ: ನಿಮ್ಮ ಹಾರ್ನ್ ಫ್ಯೂಸ್ ಹಾರ್ನ್‌ಗೆ ಮಾತ್ರ ಇದೆಯಾ, ಇನ್ನೇನಾದರೂ ಅದರಲ್ಲೇ ಸೇರಿದೆಯಾ? ಕೆಲವು ಕಾರುಗಳಲ್ಲಿ ಬ್ರೇಕ್ ಲೈಟ್ ಅಥವಾ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ದೀಪ ಕೂಡ ಅದೇ ಫ್ಯೂಸಿನಲ್ಲಿರುತ್ತದೆ. ಹಾಗಿದ್ದರೆ ಹಾರ್ನ್ ನಿಂತ ದಿನ ಬ್ರೇಕ್ ಲೈಟೂ ನಿಂತಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ದೋಷವೂ ಹಾರ್ನ್ ಕಡೆಯೇ ಇರಬೇಕು ಅಂತಿಲ್ಲ, ಹಿಂದಿನ ದೀಪದ ವೈರಿನಲ್ಲಿರಬಹುದು.

ಬಣ್ಣದ ತುಂಡುಗಳೇ ಬ್ಲೇಡ್ ಫ್ಯೂಸ್‌ಗಳು. ಗಾತ್ರ ಬೇರೆ ಬೇರೆ ಇದ್ದರೂ ಬಣ್ಣದ ಲೆಕ್ಕ ಒಂದೇ ಥರ: 5 ತಿಳಿಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು. ಆದರೆ ಬಣ್ಣ ನೋಡಿ ಮಾತ್ರ ನಂಬಬೇಡಿ, ಮೇಲೆ ಬರೆದ ಅಂಕಿ ಓದಿ. ಅದೇ ಡಬ್ಬಿಯಲ್ಲಿ ದಪ್ಪ ಚೌಕದ, ಮೇಲೆ ಪಾರದರ್ಶಕ ಕಿಟಕಿ ಇರುವ ಕಾರ್ಟ್ರಿಡ್ಜ್ ಫ್ಯೂಸ್‌ಗಳೂ ಇರುತ್ತವೆ. ಅವುಗಳ ಬಣ್ಣದ ಲೆಕ್ಕವೇ ಬೇರೆ. ಅಲ್ಲಿ ಹಸಿರು ಅಂದರೆ 40, ಗುಲಾಬಿ ಅಂದರೆ 30. ಬೋಲ್ಟ್ ಹಾಕಿ ಬಿಗಿದ ದೊಡ್ಡ ಫ್ಯೂಸ್ ಇದ್ದರೆ ಅದು ಇಡೀ ಕಾರಿನ ಮುಖ್ಯ ಫ್ಯೂಸೇ ಆಗಿರಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚದೆ ಅದರ ಹತ್ತಿರ ಸ್ಪ್ಯಾನರ್ ಹಿಡಿಯಬೇಡಿ.

ಫ್ಯೂಸ್ ಕೊಳ್ಳುವಾಗ ಹೆಸರಿರುವ ಕಂಪನಿಯದನ್ನೇ ಕೊಳ್ಳಿ. ಹೆಸರಿಲ್ಲದ ಅಗ್ಗದ ಫ್ಯೂಸ್‌ಗಳಲ್ಲಿ ಕೆಲವು ಬರೆದ ಅಂಕಿಗಿಂತ ಬಹಳ ಜಾಸ್ತಿ ಕರೆಂಟ್ ಹರಿದರೂ ಸುಡುವುದಿಲ್ಲ. ತಗಡಿಗಿಂತ ಮೊದಲು ಪ್ಲಾಸ್ಟಿಕ್ಕೇ ಕರಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದೇ ತೊಂದರೆ.

ಇನ್ನು ಕಪ್ಪು ಚೌಕಗಳು, ರಿಲೇಗಳು. ರಿಲೇ ಒಂದು ಸ್ವಿಚ್, ಅಷ್ಟೇ. ಬೆರಳಿನ ಬದಲು ಆಯಸ್ಕಾಂತ ಅದನ್ನು ಒತ್ತುತ್ತದೆ. ಒಳಗೆ ತೆಳು ತಂತಿ ಸುತ್ತಿದ ಕಾಯಿಲ್ ಇದೆ. ಅದಕ್ಕೆ 0.15 ಆಂಪಿಯರ್ ಸುಮಾರಿಗೆ ಕರೆಂಟ್ ಕೊಟ್ಟರೆ ಸಾಕು, ಆಯಸ್ಕಾಂತವಾಗಿ ಮೇಲಿನ ಕಬ್ಬಿಣದ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಪಟ್ಟಿಯ ತುದಿಯ ಪಾಯಿಂಟ್‌ಗಳು ಒಂದಕ್ಕೊಂದು ಕೂಡುತ್ತವೆ. ಆ ಪಾಯಿಂಟ್‌ಗಳ ಮೂಲಕ 30 ಆಂಪಿಯರ್ ಬೇಕಾದರೂ ಹರಿಯಬಹುದು. ನಿಮ್ಮ ಕಿವಿಗೆ ಬೀಳುವ ‘ಟಿಕ್’ ಸದ್ದು ಆ ಪಟ್ಟಿ ಬಡಿಯುವ ಸದ್ದು.

ಇಷ್ಟು ಸುತ್ತಿ ಬಳಸಿ ಯಾಕೆ ಮಾಡಬೇಕು? ಸ್ಟೀರಿಂಗ್ ಮೇಲಿನ ಹಾರ್ನ್ ಬಟನ್ ಮೂಲಕವೇ ಹಾರ್ನ್‌ನ ಪೂರ್ತಿ ಕರೆಂಟ್ ಹರಿಸಬೇಕು ಅಂದರೆ ದಪ್ಪ ವೈರು ಬ್ಯಾಟರಿಯಿಂದ ಸ್ಟೀರಿಂಗ್‌ವರೆಗೆ ಬಂದು, ಅಲ್ಲಿಂದ ಮತ್ತೆ ಕಾರಿನ ಮೂತಿಗೆ ಹೋಗಬೇಕು. ದಾರಿ ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಬಟನ್ನಿನ ಸಣ್ಣ ಪಾಯಿಂಟ್‌ಗಳು ಬೇಗ ಸುಟ್ಟುಹೋಗುತ್ತವೆ. ರಿಲೇ ಇದ್ದರೆ ಬಟನ್ ಬರೀ ಸಂದೇಶ ಕಳಿಸುತ್ತದೆ. ದಪ್ಪ ವೈರು ಬ್ಯಾಟರಿ, ಫ್ಯೂಸ್, ರಿಲೇ, ಹಾರ್ನ್ ಅಂತ ಬಾನೆಟ್ ಒಳಗೇ ಹತ್ತಿರದ ದಾರಿಯಲ್ಲಿ ಮುಗಿಯುತ್ತದೆ. ಫ್ಯಾನ್, ಪೆಟ್ರೋಲ್ ಪಂಪ್ ಇವುಗಳಿಗೆ ಆಜ್ಞೆ ಕೊಡುವುದು ಇಂಜಿನ್‌ನ ಕಂಪ್ಯೂಟರ್, ಅಂದರೆ ಇಸಿಯು. ಅದರ ಸೂಕ್ಷ್ಮ ಟ್ರಾನ್ಸಿಸ್ಟರ್‌ಗಳು ಫ್ಯಾನ್‌ನ ಭಾರ ಹೊರಲಾರವು. ಕಾಯಿಲ್‌ನ ಸಣ್ಣ ಕರೆಂಟನ್ನು ಮಾತ್ರ ಹೊರುತ್ತವೆ.

ರಿಲೇ ಕೆಳಗಡೆ ಕಾಲುಗಳ ಪಕ್ಕ ಅಂಕಿಗಳಿರುತ್ತವೆ. ಇವು ಡಿಐಎನ್ 72552 ಅನ್ನುವ ಜರ್ಮನ್ ಮಾನದಂಡದ ಅಂಕಿಗಳು, ಎಷ್ಟೋ ದೇಶಗಳ ಕಾರುಗಳಲ್ಲಿ ಇವೇ ಸಿಗುತ್ತವೆ. 85 ಮತ್ತು 86 ಕಾಯಿಲ್‌ನ ಎರಡು ತುದಿ. 30 ಅಂದರೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ಕರೆಂಟ್. 87 ಅಂದರೆ ಹೊರಗೆ ಹೋಗುವ ದಾರಿ, ನಿಮ್ಮ ಲೆಕ್ಕದಲ್ಲಿ ಹಾರ್ನ್. ಐದು ಕಾಲಿನ ರಿಲೇ ಆದರೆ 87ಎ ಅಂತ ಇನ್ನೊಂದಿರುತ್ತದೆ. ರಿಲೇ ಸುಮ್ಮನಿದ್ದಾಗ 30 ಅದಕ್ಕೆ ಕೂಡಿರುತ್ತದೆ, ಟಿಕ್ ಅಂದ ಮೇಲೆ 87ಕ್ಕೆ ಹಾರುತ್ತದೆ. ಕೆಲವು ಸಣ್ಣ ರಿಲೇಗಳಲ್ಲಿ 1, 2, 3, 5 ಅಂತ ಇರುತ್ತದೆ. ಅಲ್ಲಿ 1 ಮತ್ತು 2 ಕಾಯಿಲ್, 3 ಒಳಬರುವುದು, 5 ಹೊರಹೋಗುವುದು. ಪಕ್ಕದಲ್ಲಿ ಸಣ್ಣ ಚಿತ್ರ ಅಚ್ಚಾಗಿರುತ್ತದೆ, ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಈ ನಾಲ್ಕು ಕಾಲು ಅರ್ಥವಾದರೆ ನಿಮ್ಮ ದೋಷ ಎಲ್ಲಿಲ್ಲ ಅಂತ ಕೂತಲ್ಲೇ ಹೇಳಬಹುದು. ನನಗೆ ಈ ವಿಷಯ ಇಷ್ಟವಾಗುವುದು ಇದೇ ಕಾರಣಕ್ಕೆ. ಹಾರ್ನ್‌ನಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಬಟನ್ನಿನ ದಾರಿ, ಕಾಯಿಲ್‌ನದು. ಇನ್ನೊಂದು ಭಾರದ ದಾರಿ, 30ರಿಂದ 87ಕ್ಕೆ. ಬಹುತೇಕ ಕಾರುಗಳಲ್ಲಿ ಹಾರ್ನ್ ಬಟನ್ ಒತ್ತಿದಾಗ ಅದು ಕಾಯಿಲ್‌ನ ಒಂದು ತುದಿಯನ್ನು ಅರ್ತ್ ಮಾಡುತ್ತದೆ, ಅಂದರೆ ಕಾರಿನ ಬಾಡಿಗೆ ಕೂಡಿಸುತ್ತದೆ. ಹಾಗಾಗಿ ಸ್ಟೀರಿಂಗ್ ಒಳಗಿನ ಆ ವೈರು ಸವೆದು ಬಾಡಿಗೆ ತಾಗಿದರೆ ಫ್ಯೂಸ್ ಸುಡುವುದಿಲ್ಲ. ಯಾರೋ ಬಟನ್ ಒತ್ತಿ ಹಿಡಿದ ಹಾಗೆ ಹಾರ್ನ್ ತಾನಾಗಿಯೇ ಬಡಿದುಕೊಳ್ಳಲು ಶುರುಮಾಡುತ್ತದೆ. ನಿಮಗೆ ಹಾಗಾಗಿಲ್ಲ. ಅಂದರೆ ಸ್ಟೀರಿಂಗ್ ಬಿಚ್ಚುವ ಅಗತ್ಯ ಇಲ್ಲ. ಯಾರಾದರೂ ಬಿಚ್ಚೋಣ ಅಂದರೆ ಬೇಡ ಅನ್ನಿ, ಅಲ್ಲಿ ಏರ್‌ಬ್ಯಾಗ್ ಇದೆ.

ರಿಲೇ ಹೋಗಿದೆ ಅನ್ನುವ ಎರಡನೇ ಗೆಳೆಯರ ಮಾತೂ ಇಲ್ಲಿ ಹೊಂದುವುದಿಲ್ಲ. ರಿಲೇ ಕೆಟ್ಟರೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ಕಾಯಿಲ್ ಕಡಿದು ಅಥವಾ ಪಾಯಿಂಟ್ ಸುಟ್ಟು ಹಾರ್ನ್ ಬಡಿಯುವುದೇ ಇಲ್ಲ, ಇಲ್ಲವೇ ಪಾಯಿಂಟ್‌ಗಳು ಬೆಸೆದುಕೊಂಡು ನಿಲ್ಲುವುದೇ ಇಲ್ಲ. ಎರಡರಲ್ಲೂ ಫ್ಯೂಸು ಸುಡಲು ಕಾರಣವಿಲ್ಲ. ಒಳಗೆ ನೀರು ಹೋಗಿ ಕಾಲುಗಳ ನಡುವೆ ಹಸಿರು ಕಿಲುಬು ಬೆಳೆದಿದ್ದರೆ ಮಾತ್ರ ಅನುಮಾನಿಸಬಹುದು. ಅದನ್ನು ರಿಲೇ ಎಳೆದು ನೋಡಿದರೆ ಕಣ್ಣಿಗೇ ಕಾಣುತ್ತದೆ. ಇಂಜಿನ್‌ಗೆ ಜೋರು ನೀರು ಹೊಡೆಸಿ ತೊಳೆಸುವ ಅಭ್ಯಾಸ ಇದ್ದರೆ, ಮುಚ್ಚಳದ ಸುತ್ತಲಿನ ರಬ್ಬರ್ ಸರಿಯಾಗಿದೆಯಾ ಅಂತಲೂ ನೋಡಿ.

ಹಾಗಾದರೆ ಉಳಿದದ್ದು ಭಾರದ ದಾರಿ. ಅದರಲ್ಲೂ ಎರಡು ತುಂಡು. ಫ್ಯೂಸಿನಿಂದ ರಿಲೇಯ 30ನೇ ಕಾಲಿನವರೆಗೆ ಒಂದು, 87ನೇ ಕಾಲಿನಿಂದ ಹಾರ್ನ್‌ವರೆಗೆ ಇನ್ನೊಂದು. ಮೊದಲ ತುಂಡಿನಲ್ಲಿ ಬಹುತೇಕ ಕಾರುಗಳಲ್ಲಿ ಸದಾ ಕರೆಂಟ್ ಇರುತ್ತದೆ. ಅಲ್ಲಿ ಶಾರ್ಟ್ ಇದ್ದರೆ ಹಾರ್ನ್ ಒತ್ತಬೇಕಾಗಿಯೇ ಇಲ್ಲ, ಫ್ಯೂಸ್ ಸಿಕ್ಕಿಸಿದ ತಕ್ಷಣ ಟಪ್ ಅಂತ ಹೋಗುತ್ತದೆ. ಈ ತುಂಡು ಡಬ್ಬಿಯೊಳಗೇ ಇರುವುದರಿಂದ ಅಂಥ ದೋಷ ಕಡಿಮೆ. ನಿಮ್ಮದು ದಿನಗಟ್ಟಲೆ ಚೆನ್ನಾಗಿದ್ದು ಆಮೇಲೆ ಹೋಗುತ್ತಿದೆ. ಆದ್ದರಿಂದ ನನ್ನ ಕೈ ನೇರವಾಗಿ ತೋರಿಸುವುದು ಎರಡನೇ ತುಂಡಿನ ಕಡೆಗೆ: ಗ್ರಿಲ್ ಹಿಂದೆ, ರೇಡಿಯೇಟರ್ ಪಟ್ಟಿಯ ಮೇಲೆ ಹಾದುಹೋಗುವ ವೈರು, ಮತ್ತು ಆ ಹಾರ್ನ್‌ಗಳು. ಮಳೆ, ಧೂಳು, ಕೆಸರು, ಅಲುಗಾಟ ಎಲ್ಲ ಮೊದಲು ಬೀಳುವುದು ಅಲ್ಲಿಗೇ. ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆದಿರುತ್ತದೆ. ನಿಂತಾಗ ತಾಗುವುದಿಲ್ಲ, ಗುಂಡಿಯಲ್ಲಿ ಕಾರು ಕುಲುಕಿದ ಹೊತ್ತಿಗೇ ಹಾರ್ನ್ ಒತ್ತಿದರೆ ತಾಗುತ್ತದೆ. ಇತ್ತೀಚೆಗೆ ಮುಂದಿನ ಬಂಪರ್ ಬಿಚ್ಚಿಸಿದ್ದರೆ ಅಲ್ಲಿಂದಲೇ ಹುಡುಕಲು ಶುರುಮಾಡಿ. ಬಂಪರ್ ಮತ್ತೆ ಕೂರಿಸುವಾಗ ವೈರು ಅದರ ಹಿಂದೆ ಸಿಕ್ಕಿಹಾಕಿಕೊಳ್ಳುವುದು ಬಹಳ ಸುಲಭ.

ಹಾರ್ನ್ ಕೂಡ ತಪ್ಪಿತಸ್ಥ ಆಗಬಹುದು. ಮಾಮೂಲಿ ಹಾರ್ನ್ ಒಳಗೆ ಕಾಯಿಲ್ ಒಂದು ತೆಳು ತಗಡನ್ನು ಎಳೆಯುತ್ತದೆ. ಎಳೆದ ಕೂಡಲೇ ಒಳಗಿನ ಪಾಯಿಂಟ್ ಬಿಟ್ಟುಕೊಂಡು ಕರೆಂಟ್ ನಿಲ್ಲುತ್ತದೆ, ತಗಡು ವಾಪಸ್ ಬರುತ್ತದೆ, ಮತ್ತೆ ಎಳೆತ. ಸೆಕೆಂಡಿಗೆ ನೂರಾರು ಸಲ ಹೀಗೆ ಆಗುವುದೇ ಆ ಸದ್ದು. ನೀರು, ತುಕ್ಕು ಸೇರಿ ತಗಡು ಬಿಗಿದುಕೊಂಡರೆ ಪಾಯಿಂಟ್ ಬಿಡುವುದೇ ಇಲ್ಲ. ಕರೆಂಟ್ ಎಡೆಬಿಡದೆ ಹರಿಯುತ್ತದೆ, ಸದ್ದಿಲ್ಲದೆ ಮಾಮೂಲಿಗಿಂತ ಜಾಸ್ತಿ ಎಳೆಯುತ್ತದೆ. ಇತ್ತೀಚೆಗೆ ಸದ್ದು ಬಿರುಕು ಬಿಟ್ಟ ಹಾಗೆ ಕೇಳಿಸುತ್ತಿತ್ತಾ? ಎರಡರಲ್ಲಿ ಒಂದೇ ಬಡಿಯುತ್ತಿತ್ತಾ? ಹಾಗಿದ್ದರೆ ಹಾರ್ನ್ ಮೇಲೇ ಅನುಮಾನ ಜಾಸ್ತಿ. ಜೋರು ಸದ್ದಿನ ಹೊರಗಿನ ಹಾರ್ನ್ ಹಾಕಿಸಿದ್ದರೂ ಅಷ್ಟೇ. ಅವು ಹಳೆಯದಕ್ಕಿಂತ ಜಾಸ್ತಿ ಕರೆಂಟ್ ಕೇಳಬಹುದು. ಅಂಥದ್ದಕ್ಕೆ ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ವೈರು, ಪ್ರತ್ಯೇಕ ಫ್ಯೂಸ್, ಪ್ರತ್ಯೇಕ ರಿಲೇ ಬೇಕು. ಹಳೆ ರಿಲೇಯಿಂದ ಹೊಸ ರಿಲೇಯ ಕಾಯಿಲ್‌ಗೆ ಸಂದೇಶ ಮಾತ್ರ ತೆಗೆದುಕೊಳ್ಳಬೇಕು.

ನೀವೇ ಕೈ ಹಾಕಬಹುದಾ? ಇಷ್ಟರ ಮಟ್ಟಿಗೆ ಖಂಡಿತ ಹಾಕಬಹುದು. ಇಂಜಿನ್ ಆಫ್ ಮಾಡಿ, ಆರಲು ಬಿಡಿ. ಉಂಗುರ, ಲೋಹದ ವಾಚು ತೆಗೆದಿಡಿ. ರೇಡಿಯೇಟರ್ ಫ್ಯಾನ್ ಹತ್ತಿರ ಕೈ ಬಿಡಬೇಡಿ, ಕೆಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಅದು ತಾನಾಗಿ ತಿರುಗುತ್ತದೆ. ಕಾರು ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಆಗಿದ್ದರೆ ಕಿತ್ತಳೆ ಬಣ್ಣದ ಕೇಬಲ್ ಕಡೆ ಹೋಗಲೇಬೇಡಿ. ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಫ್ಯೂಸ್ ಪರೀಕ್ಷೆಗೆ ಅದನ್ನು ಎಳೆಯಬೇಕಾಗಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿವೆ. ಟೆಸ್ಟ್ ಲ್ಯಾಂಪಿನ (ಕರೆಂಟ್ ಇದ್ದರೆ ಉರಿಯುವ, ಮೊನೆಯಿರುವ ಸಣ್ಣ ದೀಪ) ಕ್ಲಿಪ್ಪನ್ನು ಕಾರಿನ ಬಾಡಿಗೆ ಹಾಕಿ, ಮೊನೆಯನ್ನು ಒಂದೊಂದೇ ಚುಕ್ಕೆಗೆ ಮುಟ್ಟಿಸಿ. ಎರಡೂ ಕಡೆ ಉರಿದರೆ ಫ್ಯೂಸ್ ಚೆನ್ನಾಗಿದೆ. ಒಂದೇ ಕಡೆ ಉರಿದರೆ ಸುಟ್ಟಿದೆ. ಎರಡೂ ಕಡೆ ಉರಿಯದಿದ್ದರೆ ಅಲ್ಲಿಗೆ ಕರೆಂಟೇ ಬಂದಿಲ್ಲ. ಕೆಲವಕ್ಕೆ ಕೀ ಆನ್ ಮಾಡಿದರೆ ಮಾತ್ರ ಬರುತ್ತದೆ. ಕಣ್ಣಿನಿಂದ ನೋಡಿ ಸರಿಯಿದೆ ಅಂದುಕೊಂಡ ಫ್ಯೂಸಿನಲ್ಲಿ ಕೂದಲೆಳೆಯಷ್ಟು ಬಿರುಕು ಇರುವುದುಂಟು, ಹಾಗಾಗಿ ಲ್ಯಾಂಪ್ ಅಥವಾ ಮಲ್ಟಿಮೀಟರ್ ಮಾತನ್ನೇ ನಂಬಿ.

ಈಗ ಶಾರ್ಟ್ ಹುಡುಕುವ ಒಂದು ಒಳ್ಳೆಯ ಉಪಾಯ. ಹೊಸ ಫ್ಯೂಸ್‌ಗಳನ್ನು ಒಂದರ ಹಿಂದೆ ಒಂದು ಸುಡುವ ಬದಲು, ಫ್ಯೂಸ್ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ವೈರು ಹಾಕಿ ಜೋಡಿಸಿ. ವೈರಿನ ತುದಿಗಳಿಗೆ ಫ್ಯೂಸಿನ ಕಾಲಿನಷ್ಟೇ ಅಗಲದ ಟರ್ಮಿನಲ್ ಇರಲಿ, ಹಿಡಿಯನ್ನು ಅಗಲಿಸಬಾರದು. ಈ ಬಲ್ಬು 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್‌ಗಿಂತ ಜಾಸ್ತಿ ಹರಿಯಲು ಬಿಡುವುದಿಲ್ಲ. ಶಾರ್ಟ್ ಎಷ್ಟೇ ಕೆಟ್ಟದಿರಲಿ, ವೈರು ಬೆಚ್ಚಗೂ ಆಗುವುದಿಲ್ಲ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಅಷ್ಟೇ.

ಆಮೇಲೆ ಎರಡೂ ಹಾರ್ನ್‌ಗಳ ಕನೆಕ್ಟರ್ ಕಳಚಿ. ಬಟನ್ ಒತ್ತುವ ಮುಂಚೆಯೇ ಬಲ್ಬು ಉರಿದರೆ ದೋಷ ರಿಲೇಗಿಂತ ಹಿಂದೆ. ಉರಿಯದಿದ್ದರೆ ಮನೆಯವರೊಬ್ಬರನ್ನು ಕೂರಿಸಿ ಹಾರ್ನ್ ಒತ್ತಿ ಹಿಡಿಯಲು ಹೇಳಿ. ಹಾರ್ನ್ ಕಳಚಿದೆ, ಹಾಗಾಗಿ ಅಕ್ಕಪಕ್ಕದವರಿಗೆ ತೊಂದರೆ ಇಲ್ಲ. ಹಾರ್ನ್ ಇಲ್ಲದ ಮೇಲೆ ಕರೆಂಟ್ ಹೋಗಲು ದಾರಿಯೇ ಇರಬಾರದು, ಬಲ್ಬು ಉರಿಯಬಾರದು. ಉರಿದರೆ 87ರಿಂದ ಮುಂದಿನ ವೈರು ಬಾಡಿಗೆ ತಾಗುತ್ತಿದೆ. ನಿಮ್ಮದು ಆಗಾಗ ಬರುವ ದೋಷ, ಆದ್ದರಿಂದ ಮೊದಲಿಗೆ ಉರಿಯದೇ ಇರಬಹುದು. ಬಟನ್ ಒತ್ತಿರುವಾಗಲೇ ವೈರಿನ ಕಟ್ಟನ್ನು ರಿಲೇ ಕಡೆಯಿಂದ ಗ್ರಿಲ್ ಕಡೆಗೆ ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋಗಿ. ಕ್ಲಿಪ್ ಹಾಕಿದ ಜಾಗ, ತಗಡಿನ ತೂತಿನೊಳಗೆ ಹಾಯುವ ಜಾಗ, ಬೋಲ್ಟಿನ ಪಕ್ಕ, ಇಲ್ಲೆಲ್ಲ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಎಲ್ಲಿ ಅಲುಗಿಸಿದಾಗ ಬಲ್ಬು ಮಿನುಗುತ್ತದೋ ಅಲ್ಲೇ ಗಾಯ ಇದೆ.

ಏನು ಮಾಡಿದರೂ ಬಲ್ಬು ಉರಿಯಲಿಲ್ಲ ಅಂದರೆ ವೈರು ಬಹುಮಟ್ಟಿಗೆ ನಿರಪರಾಧಿ, ಹಾರ್ನ್ ನೋಡಬೇಕು. ಮಲ್ಟಿಮೀಟರಿನಲ್ಲಿ 10 ಆಂಪಿಯರ್ ಅಳೆಯುವ ಜಾಗ ಇರುತ್ತದೆ, ಆದರೆ ಇಲ್ಲಿ ಅದನ್ನು ಬಳಸಬೇಡಿ. ಕೆಟ್ಟ ಹಾರ್ನ್ ಅದಕ್ಕಿಂತ ಜಾಸ್ತಿ ಎಳೆದರೆ ಮೀಟರಿನ ಒಳಗಿನ ಫ್ಯೂಸೇ ಹೋಗುತ್ತದೆ. ವೈರಿಗೆ ಸುತ್ತ ಹಿಡಿಯುವ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಒಳ್ಳೆಯದು. 15ರ ಫ್ಯೂಸ್ ವಾಪಸ್ ಹಾಕಿ, ಒಂದು ಸಲಕ್ಕೆ ಒಂದೇ ಹಾರ್ನ್ ಜೋಡಿಸಿ, ಒಂದು ಸೆಕೆಂಡು ಬಡಿಸಿ ನೋಡಿ. ಒಂದು 4, ಇನ್ನೊಂದು ಅದರ ಹಲವು ಪಟ್ಟು ತೋರಿಸಿದರೆ ಮತ್ತೇನೂ ಹುಡುಕಬೇಕಾಗಿಲ್ಲ. ಮೀಟರ್ ಇಲ್ಲದಿದ್ದರೆ ಒಂದೇ ಹಾರ್ನ್ ಜೋಡಿಸಿ ಸ್ವಲ್ಪ ದಿನ ಓಡಿಸಿ, ಆಮೇಲೆ ಇನ್ನೊಂದು. ಯಾವುದರ ಜೊತೆ ಫ್ಯೂಸ್ ಹೋಯಿತು ಅಂತ ಗಮನಿಸಿ.

ಗಾಯ ಸಿಕ್ಕರೆ ಬರೀ ಟೇಪ್ ಸುತ್ತಿ ಬಿಡಬೇಡಿ. ಬಾನೆಟ್ ಒಳಗಿನ ಶಾಖಕ್ಕೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ತಾಮ್ರ ಹಸಿರಾಗಿದ್ದರೆ ಅಷ್ಟು ಭಾಗ ಕತ್ತರಿಸಿ, ಅದೇ ದಪ್ಪದ ವೈರು ಜೋಡಿಸಿ, ಬಿಸಿ ಮಾಡಿದರೆ ಕುಗ್ಗುವ, ಒಳಗೆ ಅಂಟಿರುವ ಸ್ಲೀವ್ ಹಾಕಿ. ಆಮೇಲೆ ವೈರು ಆ ಅಂಚಿಗೆ ಮತ್ತೆ ಉಜ್ಜದ ಹಾಗೆ ದಾರಿ ಬದಲಿಸಿ ಕಟ್ಟಿ. ಈ ಕೊನೆಯದನ್ನು ಮಾಡದಿದ್ದರೆ ಕೆಲವು ತಿಂಗಳಲ್ಲಿ ಅದೇ ಜಾಗ ಮತ್ತೆ ಸವೆಯುತ್ತದೆ.

ರಿಲೇ ಬಗ್ಗೆ ಒಂದೆರಡು ಮಾತು ಉಳಿದಿವೆ. ನಿಮಗೆ ಇವತ್ತು ಬೇಕಾಗದಿದ್ದರೂ ಮುಂದೆ ಬೇಕಾಗುತ್ತದೆ. ಅನುಮಾನ ಬಂದರೆ ಅದೇ ಡಬ್ಬಿಯಲ್ಲಿರುವ, ಮೈಮೇಲೆ ಅದೇ ಪಾರ್ಟ್ ನಂಬರ್ ಇರುವ ಇನ್ನೊಂದು ರಿಲೇ ಜೊತೆ ಅದಲು ಬದಲು ಮಾಡಿ ನೋಡುವುದು ಸುಲಭದ ಪರೀಕ್ಷೆ. ಆದರೆ ಆಕಾರ ಒಂದೇ ಇದೆ ಅಂತ ಹಾಕಬೇಡಿ. ಕೆಲವು ರಿಲೇಗಳಲ್ಲಿ 30 ಮತ್ತು 86ರ ಜಾಗ ಅದಲು ಬದಲಾಗಿರುತ್ತದೆ. ಕೆಲವದರ ಒಳಗೆ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ತುಂಡು, ಇರುತ್ತದೆ. ಕಾಯಿಲ್ ಆಫ್ ಆದ ಕ್ಷಣ ನೂರು ವೋಲ್ಟ್ ದಾಟುವ ಹೊಡೆತ ಹುಟ್ಟುತ್ತದೆ, ಅದನ್ನು ನುಂಗುವುದಕ್ಕೆ ಆ ಡಯೋಡ್. ಅಂಥದ್ದರಲ್ಲಿ ಕಾಯಿಲ್‌ಗೆ ಪಾಸಿಟಿವ್, ನೆಗೆಟಿವ್ ತಿರುಗುಮುರುಗಾದರೆ ಡಯೋಡ್ ಮೂಲಕವೇ ಶಾರ್ಟ್ ಆಗಿ, ಅದನ್ನು ನಡೆಸುವ ಇಸಿಯುಗೂ ಪೆಟ್ಟು ಬೀಳಬಹುದು.

‘ಟಿಕ್’ ಕೇಳಿಸಿತು, ಆದ್ದರಿಂದ ರಿಲೇ ಚೆನ್ನಾಗಿದೆ ಅನ್ನುವುದೂ ಪೂರ್ತಿ ನಿಜವಲ್ಲ. ಟಿಕ್ ಅನ್ನುವುದು ಕಾಯಿಲ್ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ, ಪಾಯಿಂಟ್‌ಗೆ ಅಲ್ಲ. ಕಾಯಿಲ್ ಅಳೆದರೆ 85 ಮತ್ತು 86ರ ನಡುವೆ ಸಾಮಾನ್ಯವಾಗಿ 70ರಿಂದ 100 ಓಮ್ ಬರಬೇಕು. ಪಾಯಿಂಟ್ ಪರೀಕ್ಷೆಯನ್ನು ಭಾರ ಹರಿಯುವಾಗಲೇ ಮಾಡಬೇಕು. ಫ್ಯಾನೋ ಲೈಟೋ ಓಡುತ್ತಿರುವಾಗ 30 ಮತ್ತು 87ರ ನಡುವೆ ವೋಲ್ಟ್ ಅಳೆಯಿರಿ. 0.2ಕ್ಕಿಂತ ಕಡಿಮೆ ಇದ್ದರೆ ಚೆನ್ನಾಗಿದೆ. ಒಂದು ವೋಲ್ಟ್, ಎರಡು ವೋಲ್ಟ್ ಬಂದರೆ ಪಾಯಿಂಟ್ ಸುಟ್ಟಿದೆ. ಹೆಡ್‌ಲೈಟ್ ಮಂಕಾಗಿದೆ ಅಂತ ಬಲ್ಬು ಬದಲಾಯಿಸಿ ಸೋತವರಿಗೆ ಬಹಳ ಸಲ ಉತ್ತರ ಇಲ್ಲೇ ಸಿಗುತ್ತದೆ. ಹೊಸ ಕಾರುಗಳಲ್ಲಿ ಕೆಲವು ರಿಲೇಗಳು ಎಳೆಯಲು ಬಾರದ ಹಾಗೆ ಬೋರ್ಡಿಗೇ ಬೆಸುಗೆಯಾಗಿರುತ್ತವೆ. ಅಂಥವನ್ನು ನಾವು ನೀವು ಮುಟ್ಟುವ ಹಾಗಿಲ್ಲ.

ದೋಷ ಸಿಗುವವರೆಗೆ ಹಾರ್ನ್ ಬೇಕೇ ಬೇಕು ಅಂದರೆ 15ರ ಫ್ಯೂಸ್ ಒಂದೆರಡು ಜೊತೆಗಿಟ್ಟುಕೊಳ್ಳಿ. ದಾರಿಯಲ್ಲಿ ಇಲ್ಲವಾದರೆ ಅಷ್ಟಾಗಿ ಬೇಡದ ಕಡೆಯಿಂದ, ಮೊಬೈಲ್ ಚಾರ್ಜಿಂಗ್ ಸಾಕೆಟ್‌ನದು 15 ಆಗಿದ್ದರೆ, ಅದನ್ನು ಕಡ ತನ್ನಿ. 10 ಹಾಕಿದರೂ ಅಪಾಯವಿಲ್ಲ, ಹೆಚ್ಚೆಂದರೆ ಬೇಗ ಸುಡುತ್ತದೆ. ಏರ್‌ಬ್ಯಾಗ್, ಎಬಿಎಸ್ ಅಂತ ಬರೆದಿರುವುದನ್ನು ಮಾತ್ರ ಎಳೆಯಬೇಡಿ.

ಇಷ್ಟೆಲ್ಲ ಮಾಡಲು ಸಮಯ ಇಲ್ಲ, ಆಟೋ ಎಲೆಕ್ಟ್ರಿಶಿಯನ್ ಹತ್ತಿರವೇ ಹೋಗುತ್ತೇನೆ ಅಂದರೂ ಸರಿಯೇ. ಆದರೆ "ಹಾರ್ನ್ ಬರುತ್ತಿಲ್ಲ" ಅಂತಷ್ಟೇ ಹೇಳಬೇಡಿ. "15ರ ಫ್ಯೂಸ್ ಎರಡು ಸಲ ಹೋಗಿದೆ. ಸಿಕ್ಕಿಸಿದ ತಕ್ಷಣ ಹೋಗಲ್ಲ, ಓಡಿಸುವಾಗ ಹೋಗುತ್ತೆ. ಹಾರ್ನ್ ತಾನಾಗಿ ಯಾವತ್ತೂ ಬಡಿದುಕೊಂಡಿಲ್ಲ" ಅಂತ ಹೇಳಿ, ಸುಟ್ಟ ಫ್ಯೂಸ್‌ಗಳನ್ನೂ ಕೈಗೆ ಕೊಡಿ. ಕೆಲಸ ಗೊತ್ತಿರುವವರು ಸ್ಟೀರಿಂಗ್ ಕಡೆ ತಿರುಗಿಯೂ ನೋಡದೆ ನೇರವಾಗಿ ಗ್ರಿಲ್ ಹಿಂದಕ್ಕೆ ಟಾರ್ಚ್ ಬಿಡುತ್ತಾರೆ.